ರಾಯಚೂರಲ್ಲಿ ಏಳು ವರ್ಷದ ಮನೆ, ಕಿಟಕಿ ಮೂಲೆಯಲ್ಲಿ ಬಿರುಕು. ಅಡ್ವಾನ್ಸ್ ಕೊಡೋದಾ, ಬೇಡ್ವಾ?

ಟೇಪು-ದಾರ (ರಾಯಚೂರು)

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಯಜಮಾನರು ಬಸ್ ಕಂಡಕ್ಟರ್. ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದು ಸಾಕಾಗಿದೆ. ಲಿಂಗಸುಗೂರು ರಸ್ತೆ ಕಡೆ ಒಂದು ಮನೆ ಮನಸ್ಸಿಗೆ ಬಂದಿದೆ. 30-40 ಸೈಟು, ಎರಡು ರೂಮು, ಮಾಳಿಗೆ ಮೇಲೆ ಇನ್ನೊಂದು ಸಣ್ಣ ರೂಮು. ಕಟ್ಟಿ ಏಳು ವರ್ಷ ಆಗಿದೆ. ಕಾಗದಪತ್ರ ವಕೀಲರು ನೋಡಿದ್ದಾರೆ, ಅದರ ಚಿಂತೆ ಇಲ್ಲ. ಬರುವ ಭಾನುವಾರ ಎರಡು ಲಕ್ಷ ಅಡ್ವಾನ್ಸ್ ಕೊಡಬೇಕು.

ಮೊದಲ ಸಲ ಹೋದಾಗ ಹೊಸ ಬಣ್ಣ, ಬಾಗಿಲಿಗೆ ತೋರಣ, ಮದುವೆ ಮನೆ ಹಾಗಿತ್ತು. ಎಲ್ಲ ಚೆಂದ ಕಂಡಿತು. ಮೊನ್ನೆ ಮೊದಲ ಮಳೆ ಬಿದ್ದ ಮರುದಿನ ಮಗನನ್ನು ಕರೆದುಕೊಂಡು ಇನ್ನೊಮ್ಮೆ ಹೋದೆ. ಹಿಂದಿನ ರೂಮಿನ ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಒಂದು ಬಿರುಕು. ಹೊಸ ಬಣ್ಣವೇ ಸೀಳಿದೆ. ಮೇಲಿನ ತುದಿಯಲ್ಲಿ ಎಟಿಎಂ ಕಾರ್ಡ್ ತೂರಿತು, ಕೆಳಗೆ ತೂರಲಿಲ್ಲ. ಬ್ರೋಕರ್‌ಗೆ ತೋರಿಸಿದೆ. "ಅದು ಬರೇ ಗಿಲಾಯಿ ಬಿರುಕು ರೀ ಅಕ್ಕಾರ, ಪುಟ್ಟಿ ಹಚ್ಚಿದ್ರ ಹೋಗ್ತದ" ಅಂದ. ಗಿಲಾಯಿ ಅಂದರೆ ಗೋಡೆಯ ಪ್ಲಾಸ್ಟರ್.

ಅಷ್ಟರಲ್ಲಿ ಮಗ ಜೇಬಿಂದ ಗೋಲಿ ತೆಗೆದು ಆಡಲು ಶುರು ಮಾಡಿದ್ದ. ಹಾಲ್ ನಡುವೆ ಇಟ್ಟರೆ ಒಂದು ಆ ಗೋಡೆಗೆ ಹೋಗುತ್ತದೆ, ಇನ್ನೊಂದು ಈ ಗೋಡೆಗೆ. ಅವನಿಗೆ ಭಾರಿ ಖುಷಿ. ನನಗೆ ಹೊಟ್ಟೆಯಲ್ಲಿ ಕಸಿವಿಸಿ.

ಬಚ್ಚಲ ಬಾಗಿಲು ಕೆಳಗೆ ನೆಲಕ್ಕೆ ಉಜ್ಜುತ್ತದೆ. "ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಸರಿ ಹೋಗುತ್ತದೆ" ಎಂದರು ಮನೆ ಮಾರುತ್ತಿರುವ ಮನೆಯವರು. ಆದರೆ ಬಾಗಿಲು ಫೈಬರ್‌ದು. ಫೈಬರ್ ಉಬ್ಬುತ್ತಾ?

ಮೆಟ್ಟಿಲು ಹತ್ತುವಾಗ ಕೊನೆಯಲ್ಲಿ ಮುಗ್ಗರಿಸಿದೆ. ನನ್ನ ಕೊರಳಲ್ಲಿ ಟೇಪ್ ಯಾವಾಗಲೂ ಇರುತ್ತದೆ, ಅಲ್ಲೇ ಕೂತು ಅಳೆದೆ. ಆರೂವರೆ, ಆರೂವರೆ, ಏಳು, ಹಾಗೇ ಹೋಗಿ ಕೊನೆಯದು ಎಂಟೂವರೆ ಇಂಚು. ಇನ್ನೊಂದು ಮಾತು, ಬಚ್ಚಲಲ್ಲಿ ಗೀಸರ್ ಹಾಕಿದ್ದಾಗ ನಲ್ಲಿ ಮುಟ್ಟಿದರೆ ಬೆರಳಿಗೆ ಚುಮ್ ಅಂತು. ನನ್ನ ಭ್ರಮೆಯೋ ಏನೋ.

ಯಜಮಾನರು "ಬಟ್ಟೆ ನೋಡಿದ ಹಾಗೆ ಮನೆ ನೋಡಬೇಡ" ಅಂತ ನಗುತ್ತಿದ್ದಾರೆ. ತಿಳಿದವರು ಹೇಳಿ, ಇದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದನ್ನು ಬಿಡಬಹುದು?

ಹಂಗಂಗೆ (ಗಂಗಾವತಿ)

ಬಿರುಕಿಲ್ಲದ ಮನೆ ಎಲ್ಲಿದೆ ಮೇಡಂ? ನಮ್ಮ ಮನೆಯಲ್ಲೂ ನಾಲ್ಕಾರು ಇವೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇಪ್ಪತ್ತು ಸಾವಿರ ಕಡಿಮೆ ಮಾಡಿಸಿ, ಪುಟ್ಟಿ ಹೊಡೆಸಿ, ಗೃಹಪ್ರವೇಶಕ್ಕೆ ಕರೆಯಿರಿ.

ಗೌಂಡಿ ಮಗ (ಸಿಂಧನೂರು)

ಮೇಲಿನ ಅಣ್ಣಾವರ ಮಾತು ಅರ್ಧ ನಿಜ. ಗಿಲಾಯಿ ಮೇಲೆ ಜೇಡರ ಬಲೆ ಹಾಗೆ ಎಲ್ಲ ಕಡೆ ಹರಡಿದ ಕೂದಲೆಳೆ ಬಿರುಕು ಇದ್ದರೆ ನಾನೂ ಬಿಡಿ ಅನ್ನುತ್ತಿದ್ದೆ. ನಮ್ಮ ಕಡೆ ಬಿಸಿಲಿಗೆ ಸಿಮೆಂಟಿನ ನೀರು ಬೇಗ ಹಾರಿ ಹಾಗೆ ಆಗುತ್ತದೆ. ಆದರೆ ಅಕ್ಕ ಹೇಳಿದ್ದು ಅದಲ್ಲ. ಎಟಿಎಂ ಕಾರ್ಡ್ ದಪ್ಪ 0.76 ಮಿ.ಮೀ. ಅದು ಒಳಗೆ ತೂರಿತು ಅಂದರೆ ಬಿರುಕು ಬಣ್ಣ, ಗಿಲಾಯಿ ದಾಟಿ ಇಟ್ಟಿಗೆಗೆ ಹೋಗಿರಬಹುದು. ಗೋಡೆಯ ಹೊರಮೈಯಲ್ಲಿ ಅದೇ ಜಾಗ ನೋಡಿ. ಅಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆ ಸಂದಿ ಹಿಡಿದು ಬಿರುಕು ಹೋಗಿದ್ದರೆ ಪುಟ್ಟಿಯ ಮಾತೇ ಇಲ್ಲ.

ಅಕ್ಕಾ, ಭಾನುವಾರದ ಅಡ್ವಾನ್ಸ್ ಮುಂದಕ್ಕೆ ಹಾಕಿ. ಮನೆ ಬೇಡ ಅಂತಲ್ಲ, ನೋಡುವುದು ಇನ್ನೂ ಮುಗಿದಿಲ್ಲ ಅಂತ. ನಮ್ಮಪ್ಪ ಗೌಂಡಿ, ಅಂದರೆ ಮನೆ ಕಟ್ಟುವ ಮೇಸ್ತ್ರಿ. ನಾನು ಸಿವಿಲ್ ಡಿಪ್ಲೊಮಾ ಮಾಡಿ ಹತ್ತೊಂಬತ್ತು ವರ್ಷದಿಂದ ಸಿಂಧನೂರು, ಮಾನ್ವಿ, ಮಸ್ಕಿ ಸುತ್ತ ಸೈಟ್ ಕೆಲಸ ಮಾಡುತ್ತಿದ್ದೇನೆ. ನೀವು ಬರೆದದ್ದರಲ್ಲಿ ಬಿರುಕಿಗಿಂತ ಜಾಸ್ತಿ ನನ್ನ ಕಿವಿ ನೆಟ್ಟಗಾದದ್ದು ಆ ಫೈಬರ್ ಬಾಗಿಲಿಗೆ. ಬಾಗಿಲು ಇಳಿದಿಲ್ಲ, ನೆಲ ಎದ್ದಿದೆ.

ಆ ಲೇಔಟ್ ಆಗುವ ಮುಂಚೆ ಅಲ್ಲಿ ಏನು ಬೆಳೆಯುತ್ತಿದ್ದರು ಅಂತ ಓಣಿಯ ಹಿರಿಯರನ್ನು ಕೇಳಿ. ಹತ್ತಿ ಅಂದರೆ ಕೆಳಗೆ ಎರೆ, ಅಂದರೆ ಕರಿ ಮಣ್ಣು. ರಾಯಚೂರಲ್ಲಿ ಕೋಟೆ ಗುಡ್ಡದ ಹತ್ತಿರ ಬಂಡೆ, ಊರು ದಾಟಿದರೆ ಕರಿ ಹೊಲ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಹೊಲದಲ್ಲಿ ನೋಡಿರುತ್ತೀರಿ. ಮನೆ ಕೆಳಗೂ ಅದೇ ಆಟ ನಡೆಯುತ್ತದೆ, ಮೇಲೆ ಟೈಲ್ಸ್ ಇರುವುದರಿಂದ ಕಾಣುವುದಿಲ್ಲ ಅಷ್ಟೇ. ಪಾಯ ತೋಡಿದ ಎರೆ ಮಣ್ಣನ್ನು ಲಾರಿಗೆ ಹಾಕಿ ಹೊರಗೆ ಕಳಿಸಿದರೆ ಖರ್ಚು, ಮರಂ (ಉಬ್ಬದ ಗರಸು ಮಣ್ಣು) ತರಿಸಿದರೆ ಇನ್ನೂ ಖರ್ಚು. ಅದಕ್ಕೆ ಕೆಲವು ಗುತ್ತೇದಾರರು ಅದೇ ಮಣ್ಣನ್ನು ಒಳಗೆ ತುಂಬಿ ಮೇಲೆ ಕಾಂಕ್ರೀಟ್ ಹಾಸಿಬಿಡುತ್ತಾರೆ. ಮೊದಲ ಎರಡು ವರ್ಷ ಗೊತ್ತಾಗುವುದಿಲ್ಲ. ಆಮೇಲೆ ನಿಮ್ಮ ಮಗನ ಗೋಲಿ ಹೇಳುತ್ತದೆ. ನಾವು ಲೆವೆಲ್ ಪೈಪ್ ಹಿಡಿದು ನೋಡುವುದನ್ನು ಅವನು ಒಂದು ನಿಮಿಷದಲ್ಲಿ ನೋಡಿದ್ದಾನೆ.

ಇನ್ನು ಆ ಬಿರುಕು. ಮೇಲೆ ಅಗಲ, ಕೆಳಗೆ ಸಣ್ಣ ಅಂದರೆ ಸಾಮಾನ್ಯವಾಗಿ ಆ ಮೂಲೆ ಉಳಿದ ಮನೆಯನ್ನು ಬಿಟ್ಟು ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ಹೊರಗೆ ಹೋಗಿ ಆ ಮೂಲೆಗೆ ನೀರು ಎಲ್ಲಿಂದ ಬರುತ್ತಿದೆ ನೋಡಿ. ಮಾಳಿಗೆ ನೀರಿನ ಪೈಪು ಅಲ್ಲೇ ಮಣ್ಣಿಗೆ ಸುರಿಯುತ್ತಿದೆಯಾ? ಬಟ್ಟೆ ಒಗೆಯುವ ಕಲ್ಲು ಇದೆಯಾ? ಸಂಪು ಸೋರುತ್ತಿದೆಯಾ? ದೊಡ್ಡ ಬೇವಿನ ಗಿಡ ಇದೆಯಾ? ಗಿಡವಾದರೆ ಬೇರು ನೀರು ಎಳೆದು ಮಣ್ಣು ಕುಗ್ಗುತ್ತದೆ, ಪೈಪಾದರೆ ಮಣ್ಣು ಮೆತ್ತಗಾಗಿ ಭಾರಕ್ಕೆ ಕುಸಿಯುತ್ತದೆ. ಮನೆಯ ಒಂದು ಮೂಲೆ ಒದ್ದೆ, ಮೂರು ಮೂಲೆ ಒಣ. ಎರೆ ನೆಲದಲ್ಲಿ ಮನೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಮನೆ ಸುತ್ತ ಎರಡು ಮೂರು ಅಡಿ ಅಗಲದ ಕಾಂಕ್ರೀಟ್ ಕಟ್ಟೆ ಹೊರಕ್ಕೆ ಇಳಿಜಾರಾಗಿ ಇರಬೇಕು. ಇಲ್ಲದಿದ್ದರೆ ಅದೂ ಒಂದು ಕೊರತೆ ಅಂತ ಬರೆದುಕೊಳ್ಳಿ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಅಗಲ ಇರುವ ಕಡೆ ಒಂದು ತೆಳು ಗಾಜಿನ ಪಟ್ಟಿಯನ್ನು ಅಡ್ಡ ಇಟ್ಟು ಎರಡೂ ಪಕ್ಕ ಸಿಮೆಂಟಿನಿಂದ ಕೂರಿಸಿ. ಮೂರು ನಾಲ್ಕು ವಾರದಲ್ಲಿ ಗಾಜು ಒಡೆದರೆ ಮನೆ ಇನ್ನೂ ಆಡುತ್ತಿದೆ. ಮನೆಯವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಸಾಧ್ಯವಾದರೆ ಆ ಮೂಲೆಯ ಹೊರಗೆ ಎರಡಡಿ ಚೌಕ ಒಂದು ಗುಂಡಿ ತೋಡಿಸಿ ಪಾಯ ಎಷ್ಟು ಆಳ ಇಳಿದಿದೆ ನೋಡಿ. ಎರೆಯಲ್ಲಿ ಎರಡಡಿ ಕಲ್ಲು ಕಟ್ಟಿ ಬಿಟ್ಟಿದ್ದರೆ ಅದು ಪಾಯವಲ್ಲ, ಸಮಾಧಾನ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಕೆಳಗೆ ಉಳ್ಳಾಗಡ್ಡಿ ಹಾಗೆ ಉಬ್ಬಿದ ಅಂಡರ್‌ರೀಮ್ಡ್ ಪೈಲ್ (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಬೆಳೆಸಿದ್ದಾರೆ. ಸುಮಾರು ಮೂರೂವರೆ ಮೀಟರ್ ಕೆಳಗೆ, ಮಳೆ ಬಿಸಿಲಿಗೆ ಮಣ್ಣು ಅಷ್ಟಾಗಿ ಆಡದ ಜಾಗದಲ್ಲಿ ಅದರ ಬುಡ ಕೂರುತ್ತದೆ. ಸಣ್ಣ ಮನೆಗೂ ಹಾಕಬಹುದು. ನಮ್ಮ ಕಡೆ ಹಾಕುವವರು ಕಡಿಮೆ. "ನಮ್ಮಜ್ಜ ಹಾಕಿದ್ನಾ?" ಅಂತ ಕೇಳುತ್ತಾರೆ. ಅಜ್ಜ ಕಟ್ಟಿದ್ದು ಮಣ್ಣಿನ ಗೋಡೆ, ಪ್ರತಿ ವರ್ಷ ಅವನೇ ಮೆತ್ತುತ್ತಿದ್ದ. ಅದನ್ನು ಯಾರೂ ನೆನೆಸುವುದಿಲ್ಲ.

ಇನ್ನೆರಡು ಮಾತು. ಸಜ್ಜಾ, ಬಾಲ್ಕನಿ ಗೋಡೆಗೆ ಸೇರುವ ಕಡೆ ಮೇಲಿನಿಂದ ನೋಡಿ. ಅಲ್ಲಿ ಗೋಡೆ ಉದ್ದಕ್ಕೂ ಬಿರುಕಿದ್ದರೆ ಅದರ ಕೆಳಗೆ ಮಕ್ಕಳನ್ನು ನಿಲ್ಲಿಸಬೇಡಿ. ಹೊರಚಾಚಿದ ಸ್ಲ್ಯಾಬಿಗೆ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿ ಇರಬೇಕು. ಕಾಂಕ್ರೀಟ್ ಹಾಕುವಾಗ ಕೂಲಿಯವರು ತಿಳಿಯದೆ ರಾಡ್ ತುಳಿದು ತುಳಿದು ಕೆಳಗೆ ಇಳಿಸಿಬಿಡುತ್ತಾರೆ. ಎರಡನೆಯದು, ಛತ್ತಿನ ಕೆಳಗೆ ಕಂದು ಕಲೆ ಇದ್ದರೆ ಕೋಲಿನಿಂದ ಕುಟ್ಟಿ ನೋಡಿ. ಟಣ್ ಅನ್ನದೆ ಡಬ್ ಅಂದರೆ ಒಳಗೆ ಕಬ್ಬಿಣ ತುಕ್ಕು ತಿಂದಿದೆ. ಸವಳು (ಉಪ್ಪು) ಬೋರ್‌ವೆಲ್ ನೀರಲ್ಲೇ ಕಾಂಕ್ರೀಟ್ ಕಲಸಿ, ಅದನ್ನೇ ಕ್ಯೂರಿಂಗ್‌ಗೂ ಹಾಕಿದ ಮನೆಗಳಲ್ಲಿ ಇದು ಬೇಗ ಬರುತ್ತದೆ.

ಮೆಟ್ಟಿಲು ಪ್ರಾಣ ತೆಗೆಯುವಷ್ಟು ದೋಷವಲ್ಲ. ಆದರೆ ವಯಸ್ಸಾದವರು ಮನೆಯಲ್ಲಿದ್ದರೆ ಆ ಎಂಟೂವರೆ ಇಂಚನ್ನು ಹಗುರವಾಗಿ ತಗೊಳ್ಳಬೇಡಿ. ಕಾಲು ಮೊದಲ ಮೂರು ಮೆಟ್ಟಿಲಲ್ಲೇ ಲೆಕ್ಕ ಕಲಿತುಬಿಡುತ್ತದೆ, ಕೊನೆಯದು ಲೆಕ್ಕ ತಪ್ಪಿಸಿ ಬೀಳಿಸುತ್ತದೆ.

ಕರೆಂಟ್ ಕಾಕಾ (ಬಳ್ಳಾರಿ)

ಎಲ್ಲರೂ ಬಿರುಕು ಬಿರುಕು ಅಂತಿದ್ದೀರಿ. ತಂಗೀ, ಆ ನಲ್ಲಿ ಚುಮ್ ಅಂದದ್ದು ಭ್ರಮೆಯಲ್ಲ. ಬಿರುಕು ವರ್ಷಗಟ್ಟಲೆ ಟೈಮ್ ಕೊಡುತ್ತದೆ, ಗೀಸರ್ ಕೊಡುವುದಿಲ್ಲ. ಆ ಮನೆಯವರಿಗೆ ಇವತ್ತೇ ಫೋನ್ ಮಾಡಿ ಗೀಸರ್ ಬಂದ್ ಮಾಡಲು ಹೇಳಿ. ನೀವು ಕೊಳ್ಳಿ, ಬಿಡಿ, ಅದು ಆಮೇಲಿನ ಮಾತು.

ನಾನು ಮೂವತ್ತು ವರ್ಷದಿಂದ ವೈರಿಂಗ್ ಮಾಡುತ್ತಿದ್ದೇನೆ. ಹಳೆ ಮನೆ ನೋಡಲು ಕರೆದರೆ ಮೊದಲು ಮೂರು ಪಿನ್ ಸಾಕೆಟ್‌ಗೆ ಮೀಟರ್ ಹಿಡಿಯುತ್ತೇನೆ. ಫೇಸ್‌ಗೂ ನ್ಯೂಟ್ರಲ್‌ಗೂ 230 ವೋಲ್ಟ್ ಆಸುಪಾಸು ಬರುತ್ತದೆ. ಫೇಸ್‌ಗೂ ಅರ್ಥಿಂಗ್‌ಗೂ ಹೆಚ್ಚು ಕಡಿಮೆ ಅಷ್ಟೇ ಬರಬೇಕು. ಅಲ್ಲಿ 60, 90 ಅಂತ ಮುಳ್ಳು ತೂಗಾಡಿದರೆ ಅರ್ಥಿಂಗ್ ಇಲ್ಲ. ಮೀಟರ್ ಸರಿ ತೋರಿಸಿತು ಅಂತ ಸುಮ್ಮನಾಗಬೇಡಿ. ಕೆಲವು ಮಹಾನುಭಾವರು ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ಚೂರು ವೈರ್ ಕಟ್ಟಿಬಿಟ್ಟಿರುತ್ತಾರೆ. ಮೀಟರ್‌ಗೂ ಮೋಸ, ಮನೆಯವರಿಗೂ ಮೋಸ. ಎಲ್ಲೋ ನ್ಯೂಟ್ರಲ್ ಕಡಿದು ಹೋದ ದಿನ ಫ್ರಿಜ್, ಗೀಸರ್ ಮೈಯೆಲ್ಲ ಕರೆಂಟು. ಮೇನ್ ಆಫ್ ಮಾಡಿ ಒಂದೆರಡು ಸಾಕೆಟ್ ಬಿಚ್ಚಿಯೇ ನೋಡಬೇಕು. ಇದೆಲ್ಲ ನೀವು ಮಾಡಬೇಡಿ, ಕೆಲಸ ಗೊತ್ತಿದ್ದವರಿಂದ ಮಾಡಿಸಿ.

ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್, ಇದೆಯಾ? ಎಂಸಿಬಿಗಿಂತ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್) ಅಗಲ ಇರುತ್ತದೆ, ಟಿ ಅಂತ ಬರೆದ ಒಂದು ಗುಂಡಿ ಇರುತ್ತದೆ. ಒತ್ತಿದರೆ ಟಪ್ ಅಂತ ಬೀಳಬೇಕು. ಮೇಲೆ 30 ಮಿಲಿಆಂಪ್ ಅಂತ ಬರೆದಿರಬೇಕು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಒಂದಿದ್ದರೆ ಇನ್ನೊಂದು ಬೇಡ ಅನ್ನುವುದು ತಪ್ಪು.

ಮತ್ತೆ ಎಸಿ ಲೈನು. ನಮ್ಮ ಕಡೆ ಬೇಸಿಗೆಯಲ್ಲಿ ಎಸಿ ಹಗಲೂ ರಾತ್ರಿ ಓಡುತ್ತದೆ. ಎರಡೂವರೆ ಎಂಎಂ ವೈರ್ ಇರುವ ಲೈನಿಗೆ, ಪದೇ ಪದೇ ಬೀಳುತ್ತದೆ ಅಂತ 32 ಆಂಪ್ ಎಂಸಿಬಿ ಕೂರಿಸಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಎಂಸಿಬಿ ಬೀಳುವುದು ನಿಂತಿತು, ಗೋಡೆಯೊಳಗೆ ವೈರ್ ಬೇಯುವುದು ಶುರುವಾಯಿತು. ಎಸಿಗೆ, ಗೀಸರ್‌ಗೆ ನಾಲ್ಕು ಎಂಎಂ ಪ್ರತ್ಯೇಕ ಲೈನ್ ಇದೆಯಾ ಕೇಳಿ.

ತುಂಗಾ ತೀರ (ಕೊಪ್ಪಳ ಜಿಲ್ಲೆ)

ನಾನೂ ಒಂದು ಸೇರಿಸುತ್ತೇನೆ ಅಕ್ಕಾ. ನಾವು ಹೊಸ ಮನೆಗೆ ಬಂದ ಎಂಟನೇ ತಿಂಗಳಿಗೆ ಮೇಲಿನ ಬಚ್ಚಲಿನ ನೀರು ಕೆಳಗಿನ ದೇವರ ಕೋಣೆಗೆ ಇಳಿಯಿತು. ದೇವರಿಗೆ ದಿನಾ ಅಭಿಷೇಕ! ಟೈಲ್ಸ್ ಎಲ್ಲ ಒಡೆದು ಮತ್ತೆ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಕೊಳ್ಳುವ ಮುಂಚೆ ಮೇಲಿನ ಬಚ್ಚಲ ತೂತಿಗೆ ಬಟ್ಟೆ ಗಿಡಿದು, ಎರಡು ಇಂಚು ನೀರು ಒಂದು ದಿನ ಪೂರ್ತಿ ನಿಲ್ಲಿಸಿ ಕೆಳಗೆ ಛತ್ತು ನೋಡಿ. ನಾವು ಮಾಡಲಿಲ್ಲ.

ಇನ್ನೊಂದು, ಗ್ಯಾಸ್ ಗೀಸರ್ ಇದ್ದರೆ ಅದು ಬಚ್ಚಲ ಒಳಗೆ ಇರಲೇಬಾರದು. ಕಿಟಕಿ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಅಡುಗೆಮನೆಯಲ್ಲಿ ಸಿಲಿಂಡರ್ ಇಡುವ ಕಡೆ ನೆಲದ ಹತ್ತಿರ ಗಾಳಿ ಹೋಗುವ ಜಾಳಿಗೆ ಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಮೇಲೆ ಎಕ್ಸಾಸ್ಟ್ ಫ್ಯಾನ್ ಇದೆ ಅಂತ ತೋರಿಸಿದರೆ ಒಪ್ಪಿಕೊಳ್ಳಬೇಡಿ.

ಟೇಪು-ದಾರ (ರಾಯಚೂರು)

ಒಂದು ತಿಂಗಳಾಯಿತು, ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಕಾಕಾ, ನಿಮ್ಮ ಮಾತು ಓದಿದ ತಕ್ಷಣ ಫೋನ್ ಮಾಡಿದೆ. ಮನೆಯವರಿಗೆ ಮೊದಲು ಸಿಟ್ಟು ಬಂತು. ರೇಟು ಇಳಿಸಲು ನಾಟಕ ಅಂದುಕೊಂಡರು. ಆದರೂ ಎಲೆಕ್ಟ್ರಿಷಿಯನ್ ಕರೆಸಿದರು, ನಾನೂ ಹೋದೆ. ಮನೆ ಪಕ್ಕ ಅರ್ಥಿಂಗ್ ಗುಂಡಿಗೆ ಸಿಮೆಂಟಿನ ಮುಚ್ಚಳ, ಅದರ ಮೇಲೆ ಕೆಂಪು ಬಣ್ಣದಲ್ಲಿ ಅರ್ಥ್ ಗುರುತು, ಬಹಳ ಚೆಂದ. ಮುಚ್ಚಳ ಎತ್ತಿದರೆ ಒಳಗೆ ಮೊಳಕೈ ಉದ್ದದ ಪೈಪು, ಅದಕ್ಕೆ ಸುತ್ತಿದ ವೈರು ತುಕ್ಕು ಹಿಡಿದು ಕಡಿದು ಬಿದ್ದಿದೆ. ಸುತ್ತ ತುಂಬಬೇಕಾದ ಇದ್ದಿಲು ಇಲ್ಲ, ಉಪ್ಪಿಲ್ಲ. ಪೈಪು ಎಂಟು ಹತ್ತು ಅಡಿ ಕೆಳಗೆ ಹೋಗಬೇಕಿತ್ತಂತೆ. ಆರ್‌ಸಿಸಿಬಿಯೂ ಇರಲಿಲ್ಲ. ಮನೆಯವರು ಕಟ್ಟೆ ಮೇಲೆ ಕೂತುಬಿಟ್ಟರು. "ನನ್ನ ಹೆಣ್ಮಕ್ಕಳು ಏಳು ವರ್ಷ ಇದೇ ಬಚ್ಚಲದಾಗ ಜಳಕ ಮಾಡ್ಯಾರ ತಾಯಿ" ಅಂದರು. ಆ ದಿನದಿಂದ ಅವರು ನನ್ನ ಜೊತೆ ಚೌಕಾಸಿ ಮಾಡಲಿಲ್ಲ. ಗುಂಡಿ ತೋಡಲಿಕ್ಕೂ ಒಪ್ಪಿದರು, ಗಾಜು ಕೂರಿಸಲಿಕ್ಕೂ.

ಗುಂಡಿಯಲ್ಲಿ ಎರಡು ಅಡಿಗೇ ಕಲ್ಲು ಮುಗಿಯಿತು. ಕೆಳಗೆ ಜೋಳದ ಮುದ್ದೆ ಹಾಗೆ ಕರಿ ಮಣ್ಣು, ಕೈಗೆ ಮೆತ್ತಿಕೊಂಡರೆ ಬಿಡಲಿಲ್ಲ. ಮಾಳಿಗೆ ಪೈಪು ಗೌಂಡಿ ಮಗ ಹೇಳಿದ ಹಾಗೆ ಅದೇ ಮೂಲೆಗೆ ಸುರಿಯುತ್ತಿತ್ತು. ಹಿಂದಿನ ಓಣಿಯ ಅಜ್ಜಿ "ಹತ್ತಿ ಹೊಲ ಆಗಿತ್ತವ್ವ ಇದು, ನಾನೇ ಬಿಡಿಸೀನಿ" ಅಂದಳು. ಗಾಜು ಹದಿನೇಳನೇ ದಿನ ಒಡೆಯಿತು.

ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ₹4,000 ಕೊಟ್ಟು ತೋರಿಸಿದೆವು. ನೀರು ಆಚೆ ತಿರುಗಿಸಿ, ಸುತ್ತ ಕಟ್ಟೆ ಹಾಕಿ, ಒಂದು ಮಳೆಗಾಲ ಒಂದು ಬೇಸಿಗೆ ನೋಡಿ ಆಮೇಲೆ ಪಾಯ ಬಲಪಡಿಸುವ ಮಾತು ಎಂದರು. ಹಾಲ್ ನೆಲ ಪೂರ್ತಿ ತೆಗೆಯಬೇಕಂತೆ. ಛತ್ತು ಮಾತ್ರ ಗಟ್ಟಿ ಇದೆ ಎಂದರು. ಮನೆಯವರು ಮೂರು ಲಕ್ಷ ಬಿಡಲು ತಯಾರಿದ್ದರು. ನಾವೇ ಬೇಡ ಅಂದೆವು. ಒಂದು ವರ್ಷ ಗಾಜು ನೋಡುತ್ತ ಕೂರುವಷ್ಟು ಧೈರ್ಯ ನನಗಿಲ್ಲ. ಅವರೇ ಹೊಸ ಅರ್ಥಿಂಗ್ ಹಾಕಿಸಿಕೊಂಡು ಅಲ್ಲೇ ಇದ್ದಾರೆ. ಮೊನ್ನೆ ಮಗಳ ಬ್ಲೌಸ್ ಹೊಲಿಯಲು ಕೊಟ್ಟು ಹೋದರು.

ಈಗ ಇನ್ನೊಂದು ಮನೆ ನೋಡಿದ್ದೇವೆ, ಗುಡ್ಡದ ಕಡೆ, ಕೆಳಗೆ ಬಂಡೆ. ಗೋಲಿ ಇಟ್ಟ ಕಡೆಯೇ ನಿಂತಿತು. ಮೆಟ್ಟಿಲು ಎಲ್ಲ ಆರೂವರೆ. ಆದರೆ ಮಾಳಿಗೆ ಪಕ್ಕದಲ್ಲೇ ದಪ್ಪ ಕರೆಂಟ್ ವೈರ್ ಮೂರು ಹೋಗಿವೆ. ಅದು ಎಷ್ಟು ದೂರ ಇರಬೇಕು?

ಕರೆಂಟ್ ಕಾಕಾ (ಬಳ್ಳಾರಿ)

11 ಕೆವಿ ಲೈನಾದರೆ ಕಟ್ಟಡದ ಪಕ್ಕಕ್ಕೆ ಕಡಿಮೆ ಅಂದರೂ 1.2 ಮೀಟರ್, ಮೇಲೆ ಹಾದು ಹೋಗುತ್ತಿದ್ದರೆ 3.7 ಮೀಟರ್ ಬಿಟ್ಟಿರಬೇಕು. ಗಾಳಿಗೆ ವೈರ್ ತೂಗುವುದನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಯಾವ ಲೈನ್ ಅಂತ ಜೆಸ್ಕಾಂ (ನಮ್ಮ ಕಡೆಯ ಕರೆಂಟ್ ಕಂಪನಿ) ಸೆಕ್ಷನ್ ಆಫೀಸಿನಲ್ಲಿ ಕೇಳಿ.

ಟೇಪು-ದಾರ (ರಾಯಚೂರು)

ಸರಿ ಕಾಕಾ. ನಾಳೆನೇ ಮಾಳಿಗೆ ಹತ್ತಿ ಟೇಪ್ ಹಿಡಿದು ನೋಡುತ್ತೇನೆ.

ಕರೆಂಟ್ ಕಾಕಾ (ಬಳ್ಳಾರಿ)

ಅಯ್ಯೋ ತಂಗೀ! ಟೇಪ್ ಕೆಳಗಿಟ್ಟು ಮಾಳಿಗೆ ಹತ್ತು. ಆ ವೈರ್ ಕಡೆ ಕೈಯೂ ಚಾಚಬೇಡ, ಟೇಪೂ ಚಾಚಬೇಡ. ಕೆಳಗೆ ರಸ್ತೆಯಲ್ಲಿ ವೈರಿನ ನೇರಕ್ಕೆ ಒಂದು ಕಲ್ಲಿಡು, ಕಲ್ಲಿನಿಂದ ಗೋಡೆಗೆ ಅಳೆ. ಸಜ್ಜಾ ಎಷ್ಟು ಚಾಚಿದೆ ಅದನ್ನು ಕಳೆ. ಪಕ್ಕಾ ಅಳತೆ ಲೈನ್‌ಮ್ಯಾನ್ ಮಾಡಲಿ.

ಟೇಪು-ದಾರ (ರಾಯಚೂರು)

ಕಲ್ಲಿಟ್ಟು ಅಳೆದೆ ಕಾಕಾ. ಸಜ್ಜಾ ಕಳೆದು ಏಳು ಅಡಿ ಎರಡು ಇಂಚು ಬಂತು. ಸೋಮವಾರ ಸೆಕ್ಷನ್ ಆಫೀಸಿಗೆ ಯಜಮಾನರನ್ನು ಕಳಿಸುತ್ತೇನೆ.